ಮಗುವೇಕೆ ಪರೀಕ್ಷೆಗೆ ಕೂರಬೇಕು?

‘ವೈದ್ಯಕೀಯ ಪರೀಕ್ಷೆಯಲ್ಲಿ ಅತ್ಯಾಚಾರ ದೃಢಪಟ್ಟಿಲ್ಲ.’ ಸುದ್ದಿಗಳಲ್ಲಿ ಮತ್ತೆ ಮತ್ತೆ ಕಾಣುವ ಇಂಥ ಸಾಲಿನ ಬಗ್ಗೆ ನನ್ನ ತಕರಾರಿದೆ. ಅತ್ಯಾಚಾರ ಎಂಬುದು ರೋಗದ ಹೆಸರಲ್ಲ, ಕಾನೂನಿನ ಮಾತು. ಅದನ್ನು ತೀರ್ಮಾನಿಸಬೇಕಾದ್ದು ನ್ಯಾಯಾಲಯ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಬಹುಪಾಲು ಮಕ್ಕಳ ಮೈಮೇಲೆ ಗಾಯವೇ ಕಾಣುವುದಿಲ್ಲ. ಕೆಲವು ಬಗೆಯ ದೌರ್ಜನ್ಯ ಗುರುತು ಉಳಿಸುವುದಿಲ್ಲ, ಆದ ಗಾಯವೂ ಬೇಗ ಮಾಯುತ್ತದೆ. ಮಗು ಬಾಯಿ ಬಿಡುವ ಹೊತ್ತಿಗೆ ಎಷ್ಟೋ ಸಲ ತಿಂಗಳುಗಳೇ ಕಳೆದಿರುತ್ತವೆ. ಹಾಗಿದ್ದೂ ‘ಏನೂ ಸಿಗಲಿಲ್ಲ’ ಎಂಬುದನ್ನು ನಾವು ‘ಏನೂ ಆಗಲಿಲ್ಲ’ ಎಂದು ಓದಿಕೊಳ್ಳುತ್ತೇವೆ.

‘ಪರೀಕ್ಷೆ’ ಎಂಬ ಪದವೇ ಇಲ್ಲಿ ಕೇಡು ಮಾಡುತ್ತಿದೆ. ಶಾಲೆಗೆ ಹೋಗುವ ಮಗುವಿಗೆ ಪರೀಕ್ಷೆ ಎಂದರೆ ಪಾಸು, ಫೇಲು. ದೊಡ್ಡವರಿಗೆ ಸೀತೆಯ ಬೆಂಕಿ ನೆನಪಾಗುತ್ತದೆ. ‘ತಪಾಸಣೆ’ ಎಂಬ ಪದ ಕೈಯಳತೆಯಲ್ಲೇ ಇದೆ, ಬಳಸುವವರಿಲ್ಲ. ಎರಡು ಬೆರಳಿನ ಪರೀಕ್ಷೆಯನ್ನು ಮಾಡಕೂಡದೆಂದು ಕೇಂದ್ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿ ಹೇಳಿದ್ದು 2014ರಲ್ಲಿ. ಅದನ್ನು ನಡೆಸುವವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಮತ್ತೆ ಗದರಬೇಕಾಯಿತು. ಸುತ್ತೋಲೆ ಕಳಿಸಿದ ಮಾತ್ರಕ್ಕೆ ಆಸ್ಪತ್ರೆಯ ಕೋಣೆಯೊಳಗಿನ ರೂಢಿ ಬದಲಾಗಲಿಲ್ಲ.

ಕಾನೂನು ಮಗುವಿನ ಪರವಾಗಿಯೇ ಇದೆ. ಪೋಕ್ಸೊ ಕಾಯ್ದೆಯ ಸೆಕ್ಷನ್ 27ರ ಪ್ರಕಾರ ಎಫ್‌ಐಆರ್ ದಾಖಲಾಗದಿದ್ದರೂ ತಪಾಸಣೆ ಮಾಡಬೇಕು. ಹೆಣ್ಣುಮಗುವಾದರೆ ವೈದ್ಯೆಯೇ ಮಾಡಬೇಕು. ತಂದೆತಾಯಿ ಅಥವಾ ಮಗು ನಂಬುವ ವ್ಯಕ್ತಿ ಜೊತೆಗಿರಬೇಕು. ‘ನಂಬುವ’ ಎಂಬುದನ್ನು ಗಮನಿಸಿ. ದೌರ್ಜನ್ಯ ಮನೆಯೊಳಗೇ ನಡೆದಿದ್ದರೆ ಮಗು ಚಿಕ್ಕಮ್ಮನನ್ನೋ ಟೀಚರನ್ನೋ ಕರೆಯಬಹುದು. ಯಾರೂ ಸಿಗದಿದ್ದರೆ ಆಸ್ಪತ್ರೆಯ ಮುಖ್ಯಸ್ಥರು ಒಬ್ಬ ಮಹಿಳೆಯನ್ನು ನೇಮಿಸಬೇಕು. ಯಾರನ್ನು? ಆಗ ಕೈಗೆ ಸಿಕ್ಕವರನ್ನು. ಅಪರಿಚಿತರೊಬ್ಬರನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರೆ ಅದು ಬೆಂಬಲವಲ್ಲ, ಹಾಜರಾತಿ.

2020ರ ಪೋಕ್ಸೊ ನಿಯಮಗಳಲ್ಲಿ ‘ಬೆಂಬಲ ವ್ಯಕ್ತಿ’ಯ ವ್ಯವಸ್ಥೆಯಿದೆಯಲ್ಲ ಎನ್ನಬಹುದು. ಇದೆ. ಅವರನ್ನು ಒದಗಿಸುವುದು ಮಕ್ಕಳ ಕಲ್ಯಾಣ ಸಮಿತಿ, ಆ ಸಮಿತಿಗೆ ವಿಷಯ ತಿಳಿಸಲು ಪೊಲೀಸರಿಗೆ 24 ಗಂಟೆ ಅವಕಾಶ. ತುರ್ತು ಚಿಕಿತ್ಸೆ ಅಷ್ಟು ಕಾಯುವಂಥದ್ದಲ್ಲ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು. ಹೀಗಾಗಿ ಮಗುವಿಗೆ ಅತಿ ಹೆಚ್ಚು ಭಯವಾಗುವ ಗಳಿಗೆಯಲ್ಲೇ ಬೆಂಬಲ ವ್ಯಕ್ತಿ ಇನ್ನೂ ಕಾಗದದ ಮೇಲಿರುತ್ತಾರೆ.

ಆದ್ದರಿಂದ ಜಿಲ್ಲಾಸ್ಪತ್ರೆಗಳಲ್ಲಿ ನರ್ಸುಗಳಿಗಿರುವಂತೆ ತರಬೇತಾದ ಬೆಂಬಲ ವ್ಯಕ್ತಿಗಳಿಗೂ ಹಗಲು-ರಾತ್ರಿ ಪಾಳಿ ಇರಬೇಕು, ಸಂಬಳವೂ ಇರಬೇಕು. ಸೇವಾಮನೋಭಾವದ ಮಾತು ಬೇಡ. ಅವರ ಕೆಲಸ ಸಣ್ಣದಲ್ಲ: ಹತ್ತಿಯ ಕಡ್ಡಿ ಏತಕ್ಕೆಂದು ಮಗುವಿನ ಮಾತಿನಲ್ಲೇ ಹೇಳಬೇಕು. ಗಂಡುಮಕ್ಕಳಿಗೂ ಅಷ್ಟೇ ತಾಳ್ಮೆಯಿಂದ ಹೇಳಬೇಕು. ‘ಸಾಕು’ ಎಂದು ಮಗು ಅಂದಾಗ ವೈದ್ಯರ ಕೈ ನಿಲ್ಲುವಂತೆ ನೋಡಿಕೊಳ್ಳಬೇಕು. ತಪಾಸಣೆ ಬೇಡವೆಂದರೂ ಚಿಕಿತ್ಸೆ ಕೊಡಿಸಬೇಕು. ಹಾಕಿಕೊಂಡು ಬಂದ ಬಟ್ಟೆಯನ್ನು ಸಾಕ್ಷ್ಯವೆಂದು ತೆಗೆದಿಟ್ಟುಕೊಂಡಾಗ, ಮನೆಗೆ ಹೋಗಲು ಅದರ ಅಳತೆಯ ಇನ್ನೊಂದು ಜೊತೆ ಬಟ್ಟೆಯನ್ನೂ ಹೊಂದಿಸಿಟ್ಟಿರಬೇಕು.