ಬಾಡಿಗೆ ಯಾರ ಜೇಬಿಗೆ?



ಭತ್ತ ಕೊಯ್ಯೋ ಯಂತ್ರ ಗದ್ದೆಗಿಳೀತು. ನಮ್ಮ ಕುಡುಗೋಲು ಸೂರು ಸೇರ್ತು. ಯಂತ್ರಕ್ಕೆ ಗಂಟೆ ಲೆಕ್ಕದ ಬಾಡಿಗೆ, ನಮಗೆ ದಿನದ ಲೆಕ್ಕದ ಕೂಲಿ, ಅದೂ ಈಗ ಖೋತಾ. ಹಾಗಂತ ಯಂತ್ರ ನಮ್ಮ ವೈರಿಯಲ್ಲ. ಬೆನ್ನು ಬಗ್ಗಿಸಿ ಕೊಯ್ಯುವುದರಲ್ಲಿ ಯಾವ ಪುಣ್ಯವೂ ಇಲ್ಲ. ಅದರ ಒಡೆಯ ಯಾರು ಅನ್ನೋದೇ ಪ್ರಶ್ನೆ. ಅಂದು ಎತ್ತು, ನೇಗಿಲು ಇದ್ದವನ ಮನೆಯಲ್ಲೇ ಇಂದು ಟ್ರ್ಯಾಕ್ಟರೂ ನಿಂತಿದೆ. ಅಂದು ಅವನ ಎತ್ತಿಗೆ ನಮ್ಮ ಮೈದುಡಿಮೆ ತೆತ್ತೆವು. ಇಂದು ತುಂಡುಭೂಮಿ ಉಳಲು ನೋಟು ಎಣಿಸುತ್ತೇವೆ.

2014ರಲ್ಲಿ ಸರ್ಕಾರ ಕೃಷಿ ಯಂತ್ರಧಾರೆ ಅಂತ ಹೋಬಳಿಗಳಲ್ಲಿ ಬಾಡಿಗೆ ಕೇಂದ್ರ ತೆರೆಯಲು ಹೊರಟಿತು. ಎಷ್ಟೋ ಕೇಂದ್ರಗಳು ಟ್ರಸ್ಟುಗಳ ಕೈಗೆ ಹೋದವು. ಕೇರಿಯ ಕೂಲಿಕಾರರ ಸಂಘಕ್ಕೆ ಯಾಕಾಗಬಾರದು? ಓಡಿಸೋರು ನಾವು, ಗ್ರೀಸು ಬಳಿಯೋರು ನಾವು. ಬಾಡಿಗೆಗೆ ಕೊಡೋರೂ ನಾವೇ ಆಗೋಣ. ಸಣ್ಣ ರೈತನಿಗೆ ನ್ಯಾಯದ ದರ ಹಾಕೋಣ. ಸಬ್ಸಿಡಿ ಕೇಳುವಾಗ ಒಡೆತನದ ಪತ್ರವನ್ನೂ ಸಂಘದ ಹೆಸರಿಗೇ ಕೇಳೋಣ.