ಕೀಲಿಕೈ ಯಾರ ಕೈಯಲ್ಲಿ?

ಮೊಬೈಲ್ ಫೋನಿನಿಂದಲೇ ಮುಂಬಾಗಿಲನ್ನು ತೆರೆಯುವ ‘ಸ್ಮಾರ್ಟ್’ ಬೀಗ ಅನುಕೂಲಕರ ಎಂಬುದರಲ್ಲಿ ಎರಡು ಮಾತಿಲ್ಲ. ಪರಊರಿನಲ್ಲಿದ್ದೂ ಬಂಧುಗಳಿಗೆ ಬಾಗಿಲು ತೆರೆಯಬಹುದು. ಕೀಲಿಕೈ ಕಳೆದುಕೊಳ್ಳುವ ಭಯವಿಲ್ಲ. ಆದರೆ ಅಂತರ್ಜಾಲಕ್ಕೆ ಜೋಡಿಸಿದ ಬೀಗದ ಮೇಲೆ ತಯಾರಕರ ಹಿಡಿತವೂ ಇರುತ್ತದೆ. 2017ರಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಕಂಪನಿ ರವಾನಿಸಿದ ದೋಷಪೂರಿತ ತಂತ್ರಾಂಶದಿಂದ ಸುಮಾರು 500 ಗ್ರಾಹಕರ ಬೀಗಗಳು ಕೆಟ್ಟುನಿಂತವು.

ಇನ್ನೂ ಗಂಭೀರವಾದುದು ಬಾಡಿಗೆದಾರರ ಪ್ರಶ್ನೆ. ಬೀಗವನ್ನು ಆರಿಸುವವನು ಮಾಲೀಕ. ಬಂದುಹೋಗುವ ವೇಳೆ ದಾಖಲಾಗುವುದು ಬಾಡಿಗೆದಾರನದು. ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಇಂತಹ ಬೀಗವನ್ನು ಒಪ್ಪದ ಕೆಲವು ಬಾಡಿಗೆದಾರರು ನ್ಯಾಯಾಲಯದ ಮೆಟ್ಟಿಲೇರಿ, 2019ರಲ್ಲಿ ರಾಜಿಯ ಮೂಲಕ ಲೋಹದ ಕೀಲಿಕೈಯನ್ನೇ ಪಡೆದರು. ಅಲ್ಲಿ ಸ್ಮಾರ್ಟ್‌ಫೋನ್ ಬಳಸದ, 90 ದಾಟಿದ ವೃದ್ಧರೊಬ್ಬರೂ ವಾಸವಾಗಿದ್ದರು. 2021ರಲ್ಲಿ ಆ ನಗರ ಬಾಡಿಗೆದಾರರ ದತ್ತಾಂಶ ರಕ್ಷಣೆಗೆ ಕಾನೂನನ್ನೂ ರೂಪಿಸಿತು.

ನಮ್ಮ ಕೇಂದ್ರ ಸರ್ಕಾರ ಅದೇ ವರ್ಷ ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯ್ದೆಯು, ಮಾಲೀಕನು ಮನೆಯೊಳಗೆ ಬರುವ 24 ಗಂಟೆ ಮೊದಲೇ ತಿಳಿಸಬೇಕೆನ್ನುತ್ತದೆ. ಕುಳಿತಲ್ಲಿಂದಲೇ ಬೀಗ ತೆಗೆಯಬಲ್ಲ, ಬಾಡಿಗೆದಾರನ ಪ್ರವೇಶವನ್ನೇ ತಡೆಯಬಲ್ಲ ಮಾಲೀಕನಿಗೆ ಈ ನಿಯಮವೊಂದೇ ಕಡಿವಾಣವಾದೀತೇ? ವಾಸಿಸುವವನಿಗೆ ಲೋಹದ ಕೀಲಿಕೈ ಕೇಳುವ ಹಕ್ಕಿದೆ ಎಂಬ ಒಂದು ಸಾಲನ್ನು ರಾಜ್ಯಗಳು ತಮ್ಮ ಬಾಡಿಗೆ ಕಾನೂನಿಗೆ ಸೇರಿಸಲಿ. ಅನುಕೂಲ ಆಯ್ಕೆಯಾಗಿರಬೇಕೇ ಹೊರತು ಹೇರಿಕೆಯಾಗಬಾರದು.