ಗಣಕ ‘ಹ್ಯಾಂಗ್’ ಆದರೆ ತಪ್ಪು ಯಾರದು?

ಕೆಲವು ತಿಂಗಳ ಹಿಂದೆ ನಗರದ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯೊಬ್ಬರ ಪಾಠವನ್ನು ಗಮನಿಸಿ ಅಂಕ ನೀಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಪಕ್ಕದಲ್ಲಿ ಪ್ರಾಚಾರ್ಯರೂ ಆಡಳಿತ ಮಂಡಳಿಯ ಸದಸ್ಯರೊಬ್ಬರೂ ಕುಳಿತಿದ್ದರು. ಪಾಠ, ಮನುಷ್ಯನ ಹೃದಯದ ರಚನೆ. ಆರನೆಯ ಸ್ಲೈಡಿಗೆ ಬರುವ ಹೊತ್ತಿಗೆ ಗೋಡೆಯ ಮೇಲಿನ ಚಿತ್ರ ಕದಲದೆ ನಿಂತುಬಿಟ್ಟಿತು. ಆಕೆ ಮೌಸ್ ಒತ್ತಿದರು; ಮತ್ತೆ ಒತ್ತಿದರು; ಮತ್ತೂ ಒತ್ತಿದರು. ಮೂರ್ನಾಲ್ಕು ನಿಮಿಷಗಳ ನಂತರ ಚಿತ್ರ ಚಲಿಸಿದ್ದೇನೋ ನಿಜ, ಆದರೆ ಒಂದಲ್ಲ, ಏಳು ಸ್ಲೈಡುಗಳು ಒಮ್ಮೆಲೇ ದಾಟಿ ‘ಧನ್ಯವಾದಗಳು’ ಎಂಬ ಕೊನೆಯ ಪುಟ ಬಂದು ನಿಂತಿತು. ತರಗತಿ ಗೊಳ್ಳೆಂದು ನಕ್ಕಿತು. ಮೌಲ್ಯಮಾಪನ ಪತ್ರದ ‘ತಂತ್ರಜ್ಞಾನದ ಬಳಕೆ’ ಎಂಬ ಕಲಮಿನಲ್ಲಿ ಆಕೆಗೆ ಹತ್ತಕ್ಕೆ ಮೂರು ಅಂಕ ಬಿದ್ದವು. ವರ್ಷ ವರ್ಷವೂ ನವೀಕರಣಕ್ಕಾಗಿ ಕಾದು ಕೂರಬೇಕಾದವರಿಗೆ ಈ ಮೂರರ ತೂಕ ಎಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಆ ಹಾಳೆಯ ಮೇಲೆ ನನ್ನ ಸಹಿಯೂ ಇದೆ.

ಮನೆಗೆ ಬಂದ ಮೇಲೆ ಸಹಿ ಚುಚ್ಚತೊಡಗಿತು. ಮರುವಾರ ಕಾಲೇಜಿಗೆ ಹೋಗಿ, ಪ್ರಯೋಗಾಲಯದ ಸಹಾಯಕರೊಬ್ಬರನ್ನು ಜೊತೆಗಿಟ್ಟುಕೊಂಡು, ಅದೇ ಯಂತ್ರದಲ್ಲಿ ಅದೇ ಕಡತವನ್ನು ತೆರೆದು ನೋಡಿದೆ. ಅಂದು ಕಂಡದ್ದನ್ನು ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಮೊದಲನೆಯದಾಗಿ, ಗಣಕ ‘ಹ್ಯಾಂಗ್’ ಆಗುವುದೆಂದರೆ ಅದು ಸತ್ತಿದೆ ಎಂದರ್ಥವಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಅದು ಕೈತುಂಬ ಕೆಲಸ ಹಚ್ಚಿಕೊಂಡು ನಮ್ಮ ಮಾತಿಗೆ ಕಿವಿಗೊಡಲಾಗದ ಸ್ಥಿತಿಯಲ್ಲಿರುತ್ತದೆ. ತೆರೆದಿರುವ ತಂತ್ರಾಂಶ ಸುಮಾರು ಐದು ಸೆಕೆಂಡು ಉತ್ತರ ಕೊಡದಿದ್ದರೆ ‘ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಫಲಕವನ್ನು ವಿಂಡೋಸ್ ತೂಗುಹಾಕುತ್ತದೆ, ಅಷ್ಟೆ. ಆಗ ನಾವು ಒತ್ತುವ ಒಂದೊಂದು ಒತ್ತೂ ಸರದಿಯಲ್ಲಿ ಸೇರಿಕೊಳ್ಳುತ್ತದೆ. ಯಂತ್ರಕ್ಕೆ ಬಿಡುವಾದೊಡನೆ ಅಷ್ಟೂ ಒಟ್ಟಿಗೆ ಜಾರಿಯಾಗುತ್ತವೆ. ಏಳು ಸ್ಲೈಡು ಹಾರಿದ ಗುಟ್ಟು ಇದೇ. ಕೈ ಕಟ್ಟಿಕೊಂಡು ಅರ್ಧ ನಿಮಿಷ ಸುಮ್ಮನಿರುವುದೇ ಇಲ್ಲಿ ಪ್ರಥಮ ಚಿಕಿತ್ಸೆ. ದಾಟಿಹೋದ ಸ್ಲೈಡಿಗೆ ಮರಳಲು ಹಿಂದೆ ಹಿಂದೆ ಒತ್ತುತ್ತ ಕೂರಬೇಕಿಲ್ಲ, ಅದರ ಸಂಖ್ಯೆಯನ್ನು ಟೈಪಿಸಿ ಎಂಟರ್ ಒತ್ತಿದರೆ ಸಾಕೆಂಬುದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಹಾಗಾದರೆ ಯಂತ್ರ ಅಷ್ಟೊಂದು ತಿಣುಕಿದ್ದೇಕೆ? ಆಕೆ ಪಠ್ಯದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ನೇರವಾಗಿ ಸ್ಲೈಡಿಗೆ ಅಂಟಿಸಿದ್ದರು. 12 ಮೆಗಾಪಿಕ್ಸೆಲ್ ಛಾಯಾಚಿತ್ರವೆಂದರೆ 1.2 ಕೋಟಿ ಬಿಂದುಗಳು. ಕಡತವಾಗಿ ಮೂರ್ನಾಲ್ಕು ಎಂಬಿ ಮಾತ್ರ ತೂಗುವ ಇಂಥ ಚಿತ್ರವನ್ನು ತೆರೆಯ ಮೇಲೆ ತೋರಿಸಲು ಬಿಡಿಸಿದಾಗ, ಬಿಂದುವಿಗೆ ಮೂರು ಬೈಟಿನಂತೆ, ಯಂತ್ರದ ಸ್ಮರಣೆಯಲ್ಲಿ ಅದು ಸುಮಾರು 36 ಎಂಬಿ ಜಾಗ ಬೇಡುತ್ತದೆ. ಆ ಕೊಠಡಿಯ ಪ್ರೊಜೆಕ್ಟರ್ ಗೋಡೆಯ ಮೇಲೆ ಮೂಡಿಸಬಲ್ಲದ್ದಾದರೂ ಎಷ್ಟು? ಅಡ್ಡಕ್ಕೆ 1024, ಉದ್ದಕ್ಕೆ 768. ಎಂದರೆ ಎಂಟು ಲಕ್ಷಕ್ಕೂ ಕಡಿಮೆ ಬಿಂದುಗಳು. ಗೋಡೆಗೆ ಬೇಕಾದುದಕ್ಕಿಂತ ಹದಿನೈದು ಪಟ್ಟು ಭಾರವನ್ನು ಯಂತ್ರ ಹೊರುತ್ತಿತ್ತು, ಅದೂ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳಿಗಾಗಿ. ಪವರ್‌ಪಾಯಿಂಟಿನಲ್ಲಿಯೇ ಇರುವ ‘ಕಂಪ್ರೆಸ್ ಪಿಕ್ಚರ್ಸ್’ ಎಂಬ ಸೌಲಭ್ಯದಿಂದ ಚಿತ್ರಗಳನ್ನು ಕುಗ್ಗಿಸಿದೆವು. ಗೋಡೆಯ ಮೇಲಿನ ಹೃದಯದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇನೂ ಆಗಲಿಲ್ಲ.

ಇಷ್ಟಕ್ಕೆ ತಪ್ಪು ಆಕೆಯದೇ ಎಂದು ತೀರ್ಪು ಕೊಡುವ ಮುನ್ನ ಇನ್ನೊಂದು ಸಂಗತಿ ಗಮನಿಸಬೇಕು. ಅದೇ ಭಾರದ ಕಡತ ಆಕೆಯ ಮನೆಯ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ಓಡಿತ್ತು. ತರಗತಿಯ ಯಂತ್ರಕ್ಕೆ ಇದ್ದದ್ದು ಎರಡು ಜಿಬಿ ಸ್ಮರಣೆ ಮತ್ತು ಹಳೆಯ ಕಾಲದ ತಿರುಗುವ ಹಾರ್ಡ್ ಡಿಸ್ಕ್. ವಾರವಿಡೀ ಬೀಗದೊಳಗಿದ್ದು ಪಾಠದ ಗಂಟೆ ಬಾರಿಸಿದಾಗಲಷ್ಟೇ ಅದು ಕಣ್ಣು ಬಿಡುತ್ತದೆ. ಕಣ್ಣು ಬಿಟ್ಟೊಡನೆ, ಬಾಕಿ ಉಳಿದ ಅಪ್‌ಡೇಟುಗಳನ್ನು ಇಳಿಸಿಕೊಳ್ಳುವುದು, ವೈರಸ್ ತಪಾಸಣೆ ಎಲ್ಲವೂ ಒಟ್ಟಿಗೆ ಆರಂಭ! ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಡಿಸ್ಕಿನ ಬಳಕೆ ನೂರಕ್ಕೆ ನೂರು ಎಂದು ತೋರಿಸುತ್ತಿತ್ತು. ಸಾಲದ್ದಕ್ಕೆ ಕಡತ ಓಡುತ್ತಿದ್ದುದು ನೇರವಾಗಿ ಪೆನ್‌ಡ್ರೈವಿನಿಂದ. ಅರ್ಧ ಗಂಟೆ ಮೊದಲು ಯಂತ್ರವನ್ನು ಚಾಲೂ ಮಾಡಿ ಕಡತವನ್ನು ಅದರೊಳಗೇ ನಕಲು ಮಾಡಿಕೊಂಡಿದ್ದರೆ ಅರ್ಧ ತೊಂದರೆ ತಪ್ಪುತ್ತಿತ್ತು. ಆದರೆ ಕೊಠಡಿಯ ಬೀಗದ ಕೈ ಕಚೇರಿಯಲ್ಲಿರುತ್ತದೆ. ಗಂಟೆಗೆ ಮೊದಲು ಕೊಡುವ ಪದ್ಧತಿ ಅಲ್ಲಿಲ್ಲ.

ಕೊನೆಗೆ ಸಹಾಯಕರು ಸಿಪಿಯು ಪೆಟ್ಟಿಗೆಯ ತಗಡನ್ನು ಕಳಚಿದರು. ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನಿನ ಎಲೆಗಳಿಗೆ ಬಿಳಿಯ ಪುಡಿ ಅಂಟಿ ಗಟ್ಟಿಯಾಗಿತ್ತು. ಸೀಮೆಸುಣ್ಣದ ಪುಡಿ! ಕಪ್ಪುಹಲಗೆಯ ಮಗ್ಗುಲಲ್ಲೇ ಯಂತ್ರವನ್ನು ಇರಿಸಿದವರು ಅದನ್ನು ಒರೆಸುವವರು ಯಾರೆಂದು ನಿರ್ಧರಿಸಿರಲಿಲ್ಲ. ಗಾಳಿಯಾಡದೆ ಕಾದ ಪ್ರೊಸೆಸರ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ತೀರಾ ಕಾದರೆ ಆರಿಯೂಹೋಗುತ್ತದೆ. ಒಂದು ಬಣ್ಣದ ಕುಂಚ ಮತ್ತು ಹತ್ತು ನಿಮಿಷದ ಕೆಲಸವಷ್ಟೇ. ಆ ಹತ್ತು ನಿಮಿಷ ಯಾರ ಕರ್ತವ್ಯಪಟ್ಟಿಯಲ್ಲೂ ಇರಲಿಲ್ಲ.

ಎಲ್ಲ ‘ಹ್ಯಾಂಗ್’ಗಳೂ ನಿಜವಾದವಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಹಲವು ಪ್ರೊಜೆಕ್ಟರುಗಳ ರಿಮೋಟಿನಲ್ಲಿ ‘ಫ್ರೀಜ್’ ಎಂಬ ಗುಂಡಿಯೇ ಇರುತ್ತದೆ. ಕೈತಪ್ಪಿ ಅದನ್ನು ಒತ್ತಿದರೆ ಗೋಡೆಯ ಚಿತ್ರ ನಿಲ್ಲುತ್ತದೆ, ಗಣಕ ಮಾತ್ರ ತನ್ನ ಪಾಡಿಗೆ ಮುಂದೆ ಸಾಗುತ್ತಿರುತ್ತದೆ. ಪವರ್‌ಪಾಯಿಂಟ್ ಓಡುವಾಗ ಕೀಲಿಮಣೆಯ ‘ಬಿ’ ಅಕ್ಷರ ತಾಗಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಮರಳುತ್ತದೆ. ಇದನ್ನರಿಯದೆ ಯಂತ್ರವನ್ನೇ ಆರಿಸಿ, ಮತ್ತೆ ಹೊತ್ತಿಸಿ, ಇಡೀ ಅವಧಿಯನ್ನು ಕಳೆದುಕೊಂಡ ಹಿರಿಯ ಪ್ರಾಧ್ಯಾಪಕರೊಬ್ಬರನ್ನು ನಾನು ಬಲ್ಲೆ. ಕನ್ನಡ ಅಧ್ಯಾಪಕರ ಕಷ್ಟ ಬೇರೆಯದೇ. ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಸ್ಲೈಡುಗಳು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಂತೆಯಾಗುತ್ತವೆ. ಫಾಂಟು ಅಳವಡಿಸೋಣವೆಂದರೆ ಯಂತ್ರದ ಪಾಸ್‌ವರ್ಡು ಕೆಲಸ ಬಿಟ್ಟುಹೋದವರ ಬಳಿ ಇರುತ್ತದೆ. ಸ್ಲೈಡುಗಳ ಪಿಡಿಎಫ್ ಪ್ರತಿಯೊಂದನ್ನು ಜೊತೆಗಿಟ್ಟುಕೊಳ್ಳುವುದು ಇದಕ್ಕೆ ಅಗ್ಗದ ಉಪಾಯ.

1998ರ ಏಪ್ರಿಲ್‌ನಲ್ಲಿ ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ವೇದಿಕೆಯ ಮೇಲಿದ್ದಾಗಲೇ, ಇನ್ನೂ ಬಿಡುಗಡೆಯಾಗದ ವಿಂಡೋಸ್ 98 ಅನ್ನು ಅವರ ಸಹೋದ್ಯೋಗಿಯೊಬ್ಬರು ಪ್ರದರ್ಶಿಸುತ್ತಿದ್ದರು. ಸ್ಕ್ಯಾನರೊಂದನ್ನು ಜೋಡಿಸಿದ ಕೂಡಲೇ ತೆರೆ ನೀಲಿಗಟ್ಟಿ ಯಂತ್ರ ಕುಸಿಯಿತು. ಸಭೆ ನಕ್ಕಿತು. ಇದಕ್ಕೇ ಇರಬೇಕು ಇದನ್ನಿನ್ನೂ ಮಾರುಕಟ್ಟೆಗೆ ಬಿಟ್ಟಿಲ್ಲ ಎಂಬರ್ಥದ ಚಟಾಕಿ ಹಾರಿಸಿ ಗೇಟ್ಸ್ ಪಾರಾದರು. ಜಗತ್ತಿನ ಅತಿ ಶ್ರೀಮಂತ ತಂತ್ರಾಂಶ ಸಂಸ್ಥೆಯ ವೇದಿಕೆಯಲ್ಲಿ ಆದದ್ದು ನಗೆಯಾಟವಾಯಿತು. ಅತಿಥಿ ಉಪನ್ಯಾಸಕಿಯ ತರಗತಿಯಲ್ಲಿ ಆದದ್ದು ಅಂಕಪಟ್ಟಿ ಸೇರಿತು.

ನಮ್ಮಲ್ಲಿ ಯಂತ್ರ ಕೊಳ್ಳುವ ಉತ್ಸಾಹಕ್ಕೇನೂ ಕೊರತೆಯಿಲ್ಲ. ಕೇಂದ್ರ ಸರ್ಕಾರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಆರಂಭವಾದದ್ದು 2004ರಲ್ಲಿ. ಅಂದಿನಿಂದ ಇಂದಿನವರೆಗೆ ‘ಸ್ಮಾರ್ಟ್ ಕ್ಲಾಸ್’ ಎಂಬ ಫಲಕ ಖಾಸಗಿ, ಸರ್ಕಾರಿ ಎಂಬ ಭೇದವಿಲ್ಲದೆ ಎಲ್ಲೆಡೆ ಏರಿದೆ. ಖರೀದಿಗೆ ಉದ್ಘಾಟನೆಯುಂಟು, ಛಾಯಾಚಿತ್ರವುಂಟು. ನಿರ್ವಹಣೆಗೆ ಇವೆರಡೂ ಇಲ್ಲ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ಹಳೆಯ ಯಂತ್ರಗಳಲ್ಲಿ ಎಷ್ಟೋ ವಿಂಡೋಸ್ 11ರ ಅರ್ಹತೆಗೆ ನಿಲುಕುವುದಿಲ್ಲ. ಅವನ್ನು ಗುಜರಿಗೆ ಹಾಕುವುದೊಂದೇ ದಾರಿಯಲ್ಲ. ತಿರುಗುವ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿ, ಮುಕ್ತ ತಂತ್ರಾಂಶ ಅಳವಡಿಸಿದರೆ ಸ್ಲೈಡು ತೋರಿಸುವಷ್ಟು ಕೆಲಸವನ್ನು ಇನ್ನೂ ಕೆಲಕಾಲ ಮಾಡಿಯಾವು. ನೆರೆಯ ಕೇರಳ ತನ್ನ ಶಾಲೆಗಳಲ್ಲಿ ಬಹುಕಾಲದಿಂದ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡಿದೆ. 2018ರಿಂದ ಅಲ್ಲಿನ ಪ್ರೌಢಶಾಲೆಗಳಲ್ಲಿರುವ ‘ಲಿಟಲ್ ಕೈಟ್ಸ್’ ಕೂಟಗಳಲ್ಲಿ ಮಕ್ಕಳೇ ಯಂತ್ರಾಂಶದ ಪರಿಚಯವನ್ನೂ ಪಡೆಯುತ್ತಾರೆ. ಫ್ಯಾನಿನ ದೂಳು ಒರೆಸಲು ಎಂಜಿನಿಯರ್ ಬರಬೇಕಿಲ್ಲ, ಹತ್ತನೇ ತರಗತಿಯ ಹುಡುಗಿ ಸಾಕು.

ಅಧ್ಯಾಪಕರಿಗೂ ನನ್ನದೊಂದು ಆಕ್ಷೇಪವಿದೆ. ಪಾಠವೆಲ್ಲವನ್ನೂ ಸ್ಲೈಡಿಗೆ ಸುರಿದು, ಅದನ್ನು ಓದಿ ಹೇಳುವುದನ್ನೇ ಬೋಧನೆಯೆಂದು ನಂಬಿದವರು ಯಂತ್ರ ನಿಂತಾಗ ಮೂಕರಾಗುವುದು ಸಹಜ. ಆದರೆ ಈ ಉಪನ್ಯಾಸಕಿ ಅಂಥವರಲ್ಲ. ಮರುವಾರ ನಾನು ಕೇಳಿದಾಗ, ಹೃದಯದ ನಾಲ್ಕು ಕೋಣೆಗಳನ್ನೂ ಕವಾಟಗಳನ್ನೂ ಸೀಮೆಸುಣ್ಣದಿಂದ ಎರಡೇ ನಿಮಿಷದಲ್ಲಿ ಹಲಗೆಯ ಮೇಲೆ ಬರೆದು ತೋರಿಸಿದರು. ಅಂದೇ ಹೀಗೆ ಬರೆಯಬಹುದಿತ್ತಲ್ಲ ಎಂದೆ. ‘ಸರ್, ಯಂತ್ರ ಬಿಟ್ಟು ಹಲಗೆಗೆ ಹೋದರೆ ತಂತ್ರಜ್ಞಾನ ಬಳಸಿಲ್ಲ ಅಂತ ಆ ಕಲಮಿನಲ್ಲಿ ಸೊನ್ನೆ ಹಾಕ್ತೀರಿ ಅಂತ ಭಯ ಆಯ್ತು’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ನಾವು ಸೊನ್ನೆಯನ್ನೇ ಹಾಕುತ್ತಿದ್ದೆವೇನೋ.

ಆ ಕಲಮಿನಲ್ಲಿ ನಾನು ನೀಡಿದ ಅಂಕವನ್ನು ಹಿಂಪಡೆಯುತ್ತಿದ್ದೇನೆಂದು ಪ್ರಾಚಾರ್ಯರಿಗೆ ಪತ್ರ ಬರೆದಿದ್ದೇನೆ. ಪಾಠಕ್ಕೆ ಅರ್ಧ ಗಂಟೆ ಮೊದಲು ಕೊಠಡಿಯ ಬೀಗದ ಕೈ ಅಧ್ಯಾಪಕರಿಗೆ ಸಿಗಬೇಕು, ಪಾಸ್‌ವರ್ಡು ಕಚೇರಿಯ ದಾಖಲೆಯಲ್ಲಿರಬೇಕು, ತಿಂಗಳಿಗೊಮ್ಮೆ ಪೆಟ್ಟಿಗೆಯ ದೂಳು ಒರೆಸುವವರು ಯಾರೆಂದು ಹೆಸರು ಹಿಡಿದು ಬರೆದಿಡಬೇಕು ಎಂದೂ ಸೇರಿಸಿದ್ದೇನೆ. ಪತ್ರ ತಲುಪಿದೆಯೆಂದು ಕಚೇರಿಯಿಂದ ಫೋನ್ ಬಂದಿತ್ತು. ಅತಿಥಿ ಉಪನ್ಯಾಸಕರ ಈ ವರ್ಷದ ಪಟ್ಟಿ ಇನ್ನೂ ಪ್ರಕಟವಾಗಿಲ್ಲ.